ಸಂಜೀವಯ್ಯನವರ ಶ್ವಾಸಕೋಶದ ಕ್ಯಾನ್ಸರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕುರಿತು ನಂಬಲರ್ಹ ಮಾಹಿತಿಯ ಕೊರತೆ ಇರುವುದಿಲ್ಲ. ಸದರಿ ಮಾಹಿತಿಯನ್ನು ಮಧುಗಿರಿಯ ಶ್ವಾಸಕೋಶ ಸತ್ಯಮಾಹಿತಿ ಸಮಿತಿಯ ಕಚೇರಿಯಲ್ಲಿ, ಕಬ್ಬಿಣದ ಬೀರುವಿನೊಳಗೆ ಭದ್ರವಾಗಿ ಇಡಲಾಗಿದೆ. ಸಮಿತಿಯ ಅಧ್ಯಕ್ಷರು ಶ್ರೀ ಪ್ರಭುದೇವ್, ನಾಲ್ಕೂ ತಾಲ್ಲೂಕಿಗೆ ಬೀಡಿ ಸಿಗರೇಟು ಸರಬರಾಜು ಮಾಡುವ ಸಗಟು ವ್ಯಾಪಾರಿಗಳು. ಹೊಗೆಯ ವಿಷಯದಲ್ಲಿ ಅವರಷ್ಟು ಅನುಭವವುಳ್ಳವರು ಬೇರೆ ಸಿಗದ ಕಾರಣ ಆಯ್ಕೆ ಅವಿರೋಧವಾಗಿತ್ತು.

ಕೊಡಿಗೇನಹಳ್ಳಿಯಲ್ಲಿ ಇಡ್ಲಿ ಹೋಟೆಲು ನಡೆಸುವ ಲಕ್ಕಮ್ಮನಿಗೆ ಯುಗಾದಿಯಿಂದಲೂ ಕೆಮ್ಮು. ಸೌದೆ ಒಲೆಯ ಮುಂದೆ ಅವಳು, ಅವಳ ಬೆನ್ನ ಹಿಂದೆ ಗಲ್ಲಾದಲ್ಲಿ ಬೀಡಿ ಹಚ್ಚಿಕೊಂಡು ಗಂಡ ಸಂಜೀವಯ್ಯ. ಸಂಸಾರ ಹೀಗೇ ನಡೆದುಬಂದಿತ್ತು. ಒಂದು ಬೆಳಿಗ್ಗೆ ಕಫದಲ್ಲಿ ರಕ್ತ ಕಂಡಿತು. ಲಕ್ಕಮ್ಮ ಅದರ ಮೇಲೆ ಬೂದಿ ಎಳೆದು ಸುಮ್ಮನಾದಳು. ಮಗಳು ಬಿಂದುಶ್ರೀ ನೋಡಿಬಿಟ್ಟಳು.

ಊರಿನವರು ಉದಾರವಾಗಿ ಸಲಹೆ ಕೊಟ್ಟರು. ಒಬ್ಬರು ಸಿದ್ದರಬೆಟ್ಟದ ಬೇರು ಅಂದರು. ಮತ್ತೊಬ್ಬರು ಹಿಂದೂಪುರದ ಕಡೆ ಕತ್ತೆ ಹಾಲು ಸಿಗುತ್ತದೆ ಅಂದರು. ಮೊಬೈಲಿನಲ್ಲಿ ಗಡ್ಡದವನೊಬ್ಬ ನಿಂಬೆಹಣ್ಣೇ ಸಾಕೆಂದು ಆಣೆ ಮಾಡಿದ.

"ಯಾವ್ದು ನಿಜ ಅಂತ ತಿಳ್ಕೊಂಬುಡಾನ ನಡಿಯವ್ವ" ಎಂದು ಬಿಂದುಶ್ರೀ ಅಪ್ಪ ಅವ್ವ ಇಬ್ಬರನ್ನೂ ಸಮಿತಿಗೆ ಕರೆತಂದಳು.

ಮಾಹಿತಿ ಅಧಿಕಾರಿ ಮಲ್ಲೇಶ್ ಬೀರುವಿನ ಬೀಗದಕೈಯನ್ನು ಜನಿವಾರದಂತೆ ಎದೆಯ ಮೇಲೆ ಇಳಿಬಿಟ್ಟುಕೊಂಡಿದ್ದರು.

"ಬೀಡಿ ಸೇದ್ತೀರೇನಮ್ಮ?"

"ನಾನ್ಯಾಕ್ ಸೇದ್ಲಿ ಸ್ವಾಮಿ!"

"ಹಾಗಾದ್ರೆ ನಿಮಗೆ ಬರಲ್ಲ."

ಲಕ್ಕಮ್ಮನ ಮುಖ ಅರಳಿತು. "ಕಾಯ್ಲೆ ಬರಕಿಲ್ವಾ?"

"ಮಾಹಿತಿ ಬರಲ್ಲ. ನಿಯಮದ ಪ್ರಕಾರ ಧೂಮಪಾನಿಗಳಿಗೆ ಮಾತ್ರ."

"ರಕ್ತ ಬಿದ್ದಿರೋದು ಅವ್ವಂಗೆ ಸಾರ್" ಎಂದಳು ಬಿಂದುಶ್ರೀ.

"ರಕ್ತದ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ. ಯಜಮಾನರು ಸೇದ್ತಾರಾ?"

ಸಂಜೀವಯ್ಯ ಹಿಗ್ಗಿ ಮುಂದೆ ಬಂದ. "ದಿನಕ್ಕೆ ಎರಡು ಕಟ್ಟು ಸ್ವಾಮಿ. ನನಗೆ ಕೆಮ್ಮಿಲ್ಲ, ಆದ್ರೂ ಆಯ್ತದಾ?"

"ಕೆಮ್ಮು ಕಡ್ಡಾಯವಲ್ಲ."

ಬೀರು ತೆರೆಯಿತು. ಕರಪತ್ರ ಹೊರಬಂತು. ಜನ ಹೆದರಬಾರದೆಂಬ ಕಾಳಜಿಯಿಂದ ಅಧ್ಯಕ್ಷರು ಅದನ್ನು ಖುದ್ದಾಗಿ ಪರಿಷ್ಕರಿಸಿ ಕ್ಯಾನ್ಸರ್, ಹೊಗೆ, ಬೀಡಿ, ರಕ್ತ, ಸಾವು ಎಂಬ ಪದಗಳನ್ನು ತೆಗೆಸಿದ್ದರು. ಅಧ್ಯಕ್ಷರ ಬಣ್ಣದ ಭಾವಚಿತ್ರದ ಕೆಳಗೆ ಇಷ್ಟು ಉಳಿದಿತ್ತು: 'ಶ್ವಾಸಕೋಶಗಳು ಎರಡು. ಅವು ಎದೆಯಲ್ಲಿರುತ್ತವೆ. ಸರ್ವರಿಗೂ ಶುಭವಾಗಲಿ.'

ಬಿಂದುಶ್ರೀ ಎರಡು ಸಲ ಓದಿದಳು. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಅವಳು ಅವ್ವನನ್ನು, ಜೊತೆಗೆ ಅಪ್ಪನನ್ನೂ, ಅಲ್ಲಿಂದ ನೇರ ತುಮಕೂರು ಬಸ್ಸು ಹತ್ತಿಸಿದಳು. ಅಲ್ಲಿ ಡಾಕ್ಟರ್ ಶಿವರಂಜನಿ ಬೀಡಿಯ ವಿಚಾರಕ್ಕೆ ಮೊದಲು ಕೆಮ್ಮಿನ ವಿಚಾರ ಕೇಳಿದರು. ಇದು ಸಮಿತಿಯ ಪದ್ಧತಿಗೆ ವಿರುದ್ಧ. ಎಕ್ಸ್‌ರೇಯಲ್ಲಿ ಕಲೆಯಿತ್ತು. ಟಿ.ಬಿ. ಇರಬಹುದೆಂದು ಕಫ ಪರೀಕ್ಷಿಸಿದರು, ಅದಲ್ಲ. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ವರದಿ ಬಂತು.

"ಅದೇನೈತೋ ಹೇಳ್ಬುಡು ತಾಯಿ" ಎಂದಳು ಲಕ್ಕಮ್ಮ.

"ಶ್ವಾಸಕೋಶದ ಕ್ಯಾನ್ಸರ್ ಅಮ್ಮ. ಬೀಡಿ ಸೇದದೆ ಇರೋರಿಗೂ ಬರುತ್ತೆ. ಒಲೆ ಹೊಗೆ, ಪಕ್ಕದವರ ಬೀಡಿ ಹೊಗೆ, ಎರಡೂ ಕೆಟ್ಟದ್ದೇ. ನಿಮ್ಮದು ಒಂದೇ ಕಡೆ ಇದೆ, ಹರಡಿಲ್ಲ. ಆಪರೇಷನ್ ಮಾಡಬಹುದು."

ಲಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಮಗಳಿಗೆ, "ಒಬ್ರಾದ್ರೂ ಹೆಸ್ರಿಡಿದು ಹೇಳುದ್ರಲ್ಲ ಕಣಮ್ಮ" ಎಂದಳು.

ಸಂಜೀವಯ್ಯ ಮನೆಗೆ ಬಂದವನೇ ಇದ್ದ ಬೀಡಿಯನ್ನೆಲ್ಲ ಒಲೆಗೆ ಸುರಿದ. ಆ ಹೊಗೆಯೂ ಲಕ್ಕಮ್ಮನಿಗೇ ಬಂತು. ಅವಳು ಬೈಯಲಿಲ್ಲ.

ಬೆಂಗಳೂರಿನಲ್ಲಿ ಶ್ವಾಸಕೋಶದ ಒಂದು ಭಾಗ ತೆಗೆದರು. ಲಕ್ಕಮ್ಮ ಉಳಿದಳು. ಹೋಟೆಲಿಗೆ ಗ್ಯಾಸ್ ಬಂತು.

ಈ ಬೆಳವಣಿಗೆಯಿಂದ ಸಮಿತಿ ತೀವ್ರ ಇಕ್ಕಟ್ಟಿಗೆ ಸಿಲುಕಿತು. ನಿಯಮದಂತೆ ಲಕ್ಕಮ್ಮನಿಗೆ ಸದರಿ ರೋಗ ಬರುವಂತಿರಲಿಲ್ಲ; ಬಂದು, ಅನುಮತಿಯಿಲ್ಲದೆ ವಾಸಿಯೂ ಆಗಿತ್ತು. ತುರ್ತು ಸಭೆ ಕೂಡಿ, ದೀರ್ಘವಾಗಿ ಚರ್ಚಿಸಿ, ಹೀಗೆ ನಿರ್ಣಯಿಸಿತು: 'ಕ್ಯಾನ್ಸರ್ ಅರ್ಹ ಧೂಮಪಾನಿಯಾದ ಶ್ರೀ ಸಂಜೀವಯ್ಯನವರದು. ಚಿಕಿತ್ಸೆ ಮಾತ್ರ ಕುಟುಂಬ ಸದಸ್ಯರಲ್ಲಿ ನಡೆದಿದೆ. ಸಮಿತಿಯ ಕರಪತ್ರದಿಂದ ಗುಣಮುಖರಾದ ಪ್ರಥಮ ಫಲಾನುಭವಿಯನ್ನು ಸನ್ಮಾನಿಸತಕ್ಕದ್ದು.'

ಸಮಾರಂಭಕ್ಕೆ ಸಭಾಂಗಣ ತುಂಬಿತ್ತು. ಅಧ್ಯಕ್ಷರು ಸಂಜೀವಯ್ಯನಿಗೆ ಶಾಲು ಹೊದಿಸಿ, ಪೇಟ ತೊಡಿಸಿದರು.

"ನಂದಲ್ಲ ಸ್ವಾಮಿ, ನಮ್ಮ ಮನೆಯವಳ್ದು" ಎಂದು ಸಂಜೀವಯ್ಯ ಮೈಕಿನಲ್ಲೇ ಹೇಳಿದ.

"ಎಂಥಾ ವಿನಯ!" ಎಂದರು ಅಧ್ಯಕ್ಷರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ಸಂಜೀವಯ್ಯನಿಗೂ ಎದೆಯಲ್ಲಿ ಎಲ್ಲೋ ಸಣ್ಣಗೆ ನೋವಾದಂತೆ ನೆನಪಾಗತೊಡಗಿತು. "ಭಾಳ ಕಷ್ಟ ಆಯ್ತು" ಎಂದ.

ಕೊನೆಯ ಸಾಲಿನಲ್ಲಿ, ಪಕ್ಕೆಯ ಹೊಲಿಗೆಗೆ ಕೈ ಒತ್ತಿಕೊಂಡು ಲಕ್ಕಮ್ಮ ಕೂತಿದ್ದಳು. ಪಕ್ಕದ ಹೆಂಗಸು ಮರುಗಿ ಕೇಳಿದಳು, "ನಿಮ್ಮ ಯಜಮಾನ್ರು ಈಗ ಹೆಂಗವ್ರಮ್ಮ?"

ಲಕ್ಕಮ್ಮ ವೇದಿಕೆ ನೋಡಿದಳು, ಮಗಳ ಮುಖ ನೋಡಿದಳು.

"ಉಸಾರಾಗವ್ರೆ ಕಣಮ್ಮ" ಎಂದಳು. "ಇನ್ನೊಸಿ ದಿನ ಭಾರ ಎತ್ತಬಾರ್ದಂತೆ."