ಜಂತುಹುಳದ ವಿಳಾಸ

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ ಮರ್ಯಾದೆ ಹೋಗುವುದು ಹೊಸದಲ್ಲ. ವರ್ಷಕ್ಕೆ ಎರಡು ಸಲವಾದರೂ ಹೋಗುತ್ತದೆ. ಈ ವರ್ಷ ಹೋದದ್ದು ಜಂತುಹುಳದ ದೆಸೆಯಿಂದ.

೧. ಒಡೆದ ಸೀಸೆ

ಪ್ರಾಯೋಗಿಕ ಪರೀಕ್ಷೆಗೆ ಇನ್ನೊಂದು ವಾರವಿತ್ತು. ಮಕ್ಕಳು ಗುರುತಿಸಬೇಕಾದ ಮಾದರಿಗಳ ಧೂಳು ಒರೆಸಲು ಹೋಗಿ, ಇದ್ದೊಂದು ಜಂತುಹುಳದ ಸೀಸೆಯನ್ನು ಕೈಜಾರಿ ಒಡೆದೆ. ಗಾಜಿನ ಚೂರಿನಲ್ಲಿ ಹುಳವೂ ತುಂಡುತುಂಡಾಯಿತು.

ಪ್ರಾಂಶುಪಾಲರು ಕರೆಸಿದರು. "ಪರೀಕ್ಷಕರು ಬರೋದ್ರಾಗ ಸೀಸೆ ತುಂಬಿರಬೇಕು ನೋಡ್ರಿ."

"ಪ್ಯಾಟ್ಯಾಗ ಸಿಗೂದಿಲ್ರಿ ಸರ್."

"ಮನುಷ್ಯಾರ ಹೊಟ್ಯಾಗ ಇರ್ತಾವಂತ ನೀವ ಕಲಸ್ತೀರಲ್ಲ, ಹುಡುಕ್ರಿ!"

೨. ಅಗಡಿಯ ಭಾಷಣ

ಜಂತುಹುಳದ ಮಾತ್ರೆ ಕೊಡುವ ದಿನ ಅಗಡಿಯ ಶಾಲೆಗೆ ಹೋದೆ. ಭಾಷಣ ಮಾಡುತ್ತೇನೆ, ಹುಳ ಬಿದ್ದರೆ ನನಗೆ ಕೊಡಿ ಎಂಬ ಲೆಕ್ಕಾಚಾರ. ಮಕ್ಕಳಿಗೆ ಧೈರ್ಯ ಬರಲೆಂದು ಮೊದಲ ಮಾತ್ರೆಯನ್ನು ನಾನೇ ಅಗಿದು ತೋರಿಸಿದೆ. ಆಮೇಲೆ ಮೈಕು ಹಿಡಿದೆ. ಮೈಕು ಸಿಕ್ಕರೆ ನನಗೆ ಹೊತ್ತಿನ ಪರಿವೆ ಇರುವುದಿಲ್ಲ. ದುಂಡುಹುಳುಗಳ ವಂಶ, ಅದರೊಳಗೆ ವರ್ಗ, ಗಣ, ಕುಟುಂಬ, ಕೊನೆಗೆ ಜಂತುಹುಳದ ಶಾಸ್ತ್ರೀಯ ಹೆಸರು ಆಸ್ಕರಿಸ್ ಎಂದು ಅರ್ಧ ತಾಸು ಬಿಡಿಸಿ ಹೇಳಿದೆ.

ಮೊಮ್ಮಗಳನ್ನು ಕರೆತಂದಿದ್ದ ಅಜ್ಜಿಯೊಬ್ಬಳು ಎದ್ದುನಿಂತಳು. "ಸರ, ಅದರ ಮನೆತನ ಎಲ್ಲಾ ಗೊತ್ತಾತ್ರಿ. ನಾವೇನ ಅದಕ್ಕ ಕನ್ಯಾ ಕೊಡಬೇಕಾಗೇತೇನ್ರಿ? ಗುಳಿಗಿ ಕೊಡ್ರಿ!"

೩. ಬ್ಯಾಡಗಿಯ ಡಬ್ಬಿ

ನಾನು ಹುಳ ಹುಡುಕುತ್ತಿರುವ ಸುದ್ದಿ ಕೇಳಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಹಳೆಯ ಗೆಳೆಯ ಮರುದಿನ ಫೋನ್ ಮಾಡಿದ. "ಹುಳ ಸಿಕ್ಕೈತಿ, ಲಗೂ ಬಾ."

ಬಸ್ಸು ಹಿಡಿದು ಓಡಿದೆ. ಡಬ್ಬಿಯಲ್ಲಿ ಬೆಳ್ಳಗೆ ಉದ್ದಕ್ಕೆ ಮಲಗಿತ್ತು. ಭೂತಗನ್ನಡಿ ಹಿಡಿದು, "ತೆಳ್ಳಗೈತಿ, ಇನ್ನೂ ಮರಿ ಇರಬೇಕು. ಆದ್ರ ಜಂತುಹುಳಕ್ಕ ಇರೂ ಮೂರು ತುಟಿ ಖರೇನ ಕಾಣಾಕತ್ತಾವ" ಎಂದು ಘೋಷಿಸಿದೆ.

ಗೆಳೆಯನ ಹೆಂಡತಿ ಒಳಗಿನಿಂದ ಕೂಗಿದಳು. "ಅಣ್ಣಾರ, ಅದು ಮುಂಜಾನಿ ಶಾವಿಗಿರಿ. ನಿಮಗ ಚಾಷ್ಟಿ ಮಾಡಾಕತ್ತಾರ!"

೪. ಸಿಕ್ಕ ಹುಳ

ಅಗಡಿಗೆ ಹೋಗಿಬಂದ ಮೂರನೆಯ ದಿನ ಬೆಳಿಗ್ಗೆ ಹುಳ ಸಿಕ್ಕಿತು, ನನ್ನ ಮನೆಯ ಪಾಯಖಾನೆಯಲ್ಲೇ. ನಾನು ಅಗಿದ ಮಾತ್ರೆ ಕೆಲಸ ಮಾಡಿತ್ತು. ನಾಚಿಕೆಯಾಯಿತು, ಸುಳ್ಳೇಕೆ, ಖುಷಿ ಅದಕ್ಕಿಂತ ಹೆಚ್ಚಾಯಿತು. ತೊಳೆದು ಫಾರ್ಮಲಿನ್ ಸೀಸೆಗೆ ಹಾಕಿ ರೂಢಿಯಂತೆ ಚೀಟಿ ಅಂಟಿಸಿದೆ: ಹೆಸರು, ವರ್ಗೀಕರಣ, ಯಾರ ಹೊಟ್ಟೆಯಲ್ಲಿ ಸಿಕ್ಕಿತು. ವಿಜ್ಞಾನದಲ್ಲಿ ಸುಳ್ಳು ಬರೆಯಬಾರದೆಂದು ಮೂರನೆಯ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದೆ.

ಪರೀಕ್ಷೆಯ ದಿನ ಮಕ್ಕಳಿಗೆ ಉತ್ತರ ಕಾಣದಂತೆ ಚೀಟಿಯ ಮೇಲೆ ಕಾಗದದ ಪಟ್ಟಿ ಮೆತ್ತಿದೆ. ಹೆಸರು ಮುಚ್ಚಿತು, ವರ್ಗೀಕರಣವೂ ಮುಚ್ಚಿತು. ಮೂರನೆಯ ಸಾಲಿಗೆ ಪಟ್ಟಿ ಸಾಲದೇ ಹೋದದ್ದನ್ನು ನಾನು ನೋಡಲಿಲ್ಲ.

ಹಾವೇರಿಯಿಂದ ಬಂದಿದ್ದ ಪರೀಕ್ಷಕರು ಮೊದಲ ಹುಡುಗಿಯನ್ನು ಕೇಳಿದರು. "ಈ ಹುಳ ಎಲ್ಲಿ ವಾಸ ಮಾಡತೈತಿ?"

ಅವಳು ಸೀಸೆ ನೋಡಿದಳು, ನನ್ನನ್ನು ನೋಡಿದಳು, ತಲೆ ತಗ್ಗಿಸಿದಳು. "ನಮ್ಮ ಸರ್ ಹೊಟ್ಯಾಗ್ರಿ."

ಪರೀಕ್ಷಕರು ಬಗ್ಗಿ ಚೀಟಿ ಓದಿದರು, ಅವಳಿಗೆ ಪೂರ್ತಿ ಅಂಕ ಹಾಕಿದರು. ಆಮೇಲೆ ಕಪಾಟಿನ ಕಡೆ ನೋಡಿ ಗಂಭೀರವಾಗಿಯೇ ನನ್ನನ್ನು ಕೇಳಿದರು.

"ಲಾಡಿಹುಳದ ಸೀಸೆನೂ ಖಾಲಿ ಐತಲ್ರಿ ಸರ್. ಅದನ್ನ ಯಾವಾಗ ಕೊಡ್ತೀರಿ?"