ಹಂಚು, ಕಡಕ್ ರೊಟ್ಟಿ ಮತ್ತು ನನ್ನ ಬಲಗೈ

ಮಕ್ಕಳಿಗೆ ಧೈರ್ಯ ತುಂಬುವುದು ಹೇಗೆ ಎಂದು ಆಗ ಯಾರಾದರೂ ನನ್ನನ್ನು ಕೇಳಿದ್ದರೆ ಒಂದು ತಾಸು ಭಾಷಣ ಮಾಡುತ್ತಿದ್ದೆ. ಯಾರೂ ಕೇಳಲಿಲ್ಲ. ಹಾಗಾಗಿ ಮನೆಯಲ್ಲೇ ಪ್ರಯೋಗ ಮಾಡಿದೆ.

ನನ್ನ ಮಗಳು ಅಕ್ಷತಾ ಐದನೆಯ ಇಯತ್ತೆ. ದನಿ ಎಷ್ಟು ಮೆಲ್ಲಗೆ ಎಂದರೆ, ಹಾಜರಿ ಕರೆದಾಗ ಅವಳ ‘ಎಸ್ ಟೀಚರ್’ ಅವಳ ಬೆಂಚು ದಾಟುತ್ತಿರಲಿಲ್ಲ. ಸಾಲೆಯಲ್ಲಿ ಕೂತಿದ್ದರೂ ಎರಡು ಸಲ ಗೈರುಹಾಜರಿ ಬಿತ್ತು. ನನಗೆ ಕರುಳು ಚುರುಕ್ ಎಂದಿತು. ಮರುದಿನವೇ ರೋಣದ ಕರಾಟೆ ಕ್ಲಾಸಿಗೆ ಹಾಕಿದೆ.

ಮೂರು ತಿಂಗಳಲ್ಲಿ ಕೈಕಾಲು ಚುರುಕಾದವು, ದನಿ ಮಾತ್ರ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಮಾಸ್ತರರು ಬೆಲ್ಟ್ ಪರೀಕ್ಷೆ ಸಾರಿದರು. ಬರುವ ರವಿವಾರ, ಪಾಲಕರ ಎದುರು, ಪ್ರತಿ ಮಗುವೂ ಕೈಯಿಂದ ಒಂದು ಚಾವಣಿ ಹಂಚು ಒಡೆಯಬೇಕು!

ಅಕ್ಷತಾ ಮನೆಗೆ ಬಂದವಳೇ ಚಾದರ ಹೊದ್ದು ಮಲಗಿದಳು. “ಅಪ್ಪಾ, ನಾ ಒಲ್ಲೆ. ಹಂಚು ಒಡೀಲಿಲ್ಲಂದ್ರ ಎಲ್ಲಾರೂ ನಗತಾರ.”

“ಈ ಫೈಲು ನನಗ ಬಿಡು” ಎಂದೆ. ನಾನು ಇಪ್ಪತ್ತು ವರ್ಷ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ನನಗೆ ಬಿಟ್ಟ ಫೈಲಿನ ಗತಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರಬೇಕಿತ್ತು.

ನನ್ನ ಸಿದ್ಧಾಂತ ಸರಳ. ಒಡೆಯುವ ರೂಢಿಯಾದರೆ ಧೈರ್ಯ ತಾನೇ ಬರುತ್ತದೆ. ಮನೆಯಲ್ಲಿ ಸುಲಭವಾಗಿ, ಸಪ್ಪಳ ಮಾಡಿ ಒಡೆಯುವ ವಸ್ತು ಯಾವುದು? ಹುಡುಕಿದೆ. ಸವಡಿಯಲ್ಲಿರುವ ತನ್ನ ಬಸುರಿ ತಂಗಿಯ ಕುಬಸಕ್ಕೆ ಒಯ್ಯಲೆಂದು ಹೆಂಡತಿ ಗಿರಿಜಾ ಒಂದು ಬುಟ್ಟಿ ತುಂಬ ಕಡಕ್ ರೊಟ್ಟಿ ಮಾಡಿಟ್ಟಿದ್ದಳು!

ಹಿತ್ತಲಲ್ಲಿ ಎರಡು ಇಟ್ಟಂಗಿ ನಿಲ್ಲಿಸಿ, ಮೇಲೆ ಸದರಿ ರೊಟ್ಟಿಯನ್ನು ಇಟ್ಟೆ. “ಹಾ!” ಎಂದಳು ಮಗಳು. ಟಪ್! ಅವಳ ಮುಖ ಅರಳಿತು.

“ಅಪ್ಪಾ, ಇನ್ನೊಂದ್ ಇಡು!”

ಮರುದಿನ ಎರಡೆರಡು, ಅದರ ಮರುದಿನ ಐದೈದು. ಚೂರುಗಳನ್ನು ಶೇಂಗಾ ಚಟ್ನಿ, ಮೊಸರು ಹಾಕಿಕೊಂಡು ನಾನೇ ತಿಂದು ಸಾಕ್ಷಿ ನಾಶ ಮಾಡಿದೆ. ಬುಟ್ಟಿ ಇಳಿಯುತ್ತ ಬಂತು. ತಳಕ್ಕೆ ಹಳೆಯ ಪೇಪರು ತುಂಬಿ, ಮೇಲೆ ಉಳಿದ ರೊಟ್ಟಿ ಜೋಡಿಸಿ, ಅರಿವೆ ಹೊದಿಸಿದೆ. ಯಾವ ಲೆಕ್ಕ ತಪಾಸಣೆಯವರಿಗೂ ತಿಳಿಯುವಂತಿರಲಿಲ್ಲ.

ಶನಿವಾರ ಗಿರಿಜಾ ಬುಟ್ಟಿ ಹೊತ್ತು ಸವಡಿಗೆ ಹೋದಳು. ಪರೀಕ್ಷೆಯ ನೆಪದಲ್ಲಿ ನಾವಿಬ್ಬರೂ ಉಳಿದೆವು. ಮಧ್ಯಾಹ್ನ ಫೋನು ಬಂತು.

“ರೀ, ರೊಟ್ಟಿ ಕೆಳಗ ಪೇಪರ್ ಅದಾವು. ಕುಬಸಕ್ಕ ಬಂದ ಮಂದಿ ಉಣ್ಣಬೇಕೋ, ಓದಬೇಕೋ?”

“ಅದು... ತರಬೇತಿಗೆ...”

“ಮನಿ ಬಿಟ್ಟು ಎಲ್ಲಿಗೂ ಹೋಗಬ್ಯಾಡ್ರಿ. ನಾಳೆ ಮುಂಜಾನಿ ಬಸ್ಸಿಗೆ ಬರ್ತೀನಿ.”

ಕಚೇರಿಯಲ್ಲಿ ಬೇಕಾದಷ್ಟು ನೋಟೀಸು ನೋಡಿದ್ದೇನೆ. ಇಷ್ಟು ಸ್ಪಷ್ಟವಾದದ್ದು ಒಂದೂ ಇರಲಿಲ್ಲ.

ರವಿವಾರ ಮುಂಜಾನೆ ಬಸ್ಸಿಳಿದ ಗಿರಿಜಾ, ರೊಟ್ಟಿಯ ವಿಚಾರಣೆಯನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡಿ, ನಮ್ಮ ಜೊತೆ ಮೈದಾನಕ್ಕೆ ಬಂದಳು. ಅಕ್ಷತಾಳ ಪಾಳಿ ಬಂತು. ರೊಟ್ಟಿಗೆ ಹೊಡೆದ ಹಾಗೆಯೇ ಹಂಚಿಗೆ ಹೊಡೆದಳು. ಯಾರೋ ಮುಟ್ಟಿದರು ಎನ್ನುವುದೂ ಹಂಚಿಗೆ ತಿಳಿಯಲಿಲ್ಲ! ಮಗಳು ಕೈ ಹಿಡಿದುಕೊಂಡು ನಿಂತಳು. ಕಣ್ಣು ತುಂಬಿದವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ತಪ್ಪು ಅವಳದಲ್ಲ, ರೊಟ್ಟಿಯ ಮೇಲೆ ವಿದ್ಯೆ ಕಲಿಸಿದ ನನ್ನದು. ಸುಮ್ಮನೆ ಕೂತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಎದ್ದು ನಿಂತೆ.

“ಮಾಸ್ತರ್ರ, ಹಂಚಿನ್ಯಾಗ ದೋಷ ಐತ್ರಿ. ನಾ ತೋರಸ್ತೀನಿ!”

“ಬ್ಯಾಡ್ರಿ, ಪೆಟ್ಟಾಗತೈತಿ” ಎಂದರು ಮಾಸ್ತರರು. “ರೀ, ಸುಮ್ನ ಕೂಡ್ರಿ” ಎಂದು ಗಿರಿಜಾ ಅಂಗಿ ಜಗ್ಗಿದಳು. ನಾನು ಮುಂದೆ ಹೋಗಿ “ಹಾ!” ಎಂದೆ. ಟಪ್ ಎಂದಿತು. ಟಪ್ ಎಂದದ್ದು ನನ್ನ ಬೆರಳು.

ಮೈದಾನವೇ ನಗತೊಡಗಿತು. ಆ ನಗುವನ್ನು ಸೀಳಿಕೊಂಡು ಒಂದು ದನಿ ಬಂತು.

“ಯಾರೂ ನಗಬ್ಯಾಡ್ರಿ! ನಮ್ಮಪ್ಪಗ ಒಡಿಯಾಕ ಬರೂದಿಲ್ಲ. ನನಗ ಬರ್ತೈತಿ. ಸರ, ಇನ್ನೊಂದ್ ಸಲ ಹೊಡಿತೀನಿ!”

ಯಾರ ಮಗಳು ಇವಳು ಎಂದು ನಾನೂ ತಿರುಗಿ ನೋಡಿದೆ. ಅಕ್ಷತಾ! ಮಾಸ್ತರರು ಕಲಿಸಿದಂತೆ ಉಸಿರು ಎಳೆದು, ಕಾಲು ಊರಿ ಹೊಡೆದಳು. ಹಂಚು ಎರಡು ಹೋಳು! ನನ್ನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಒಂದೇ ಕೈ ಉಳಿದಿತ್ತು.

ಅಲ್ಲಿಂದ ಮೂವರೂ ದವಾಖಾನೆಗೆ ಹೋದೆವು. ಪಾಳಿಯಲ್ಲಿ ಇಪ್ಪತ್ತು ಮಂದಿ, ಅರ್ಧ ಜನ ಪರಿಚಯದವರು. ನರ್ಸಮ್ಮ ದೂರದಿಂದಲೇ “ಏನಾತ್ರಿ ಕೈಗೆ?” ಎಂದು ಕೇಳಿದರು.

“ಜಾರಿ ಬಿದ್ದೀನ್ರಿ” ಎಂದೆ, ಮೆಲ್ಲಗೆ.

“ಸುಳ್ಳರಿ!” ಎಂದಳು ಅಕ್ಷತಾ. “ಹಂಚು ಒಡಿಯಾಕ ಹೋಗಿದ್ದ. ಹಂಚಿಗೆ ಏನೂ ಆಗಲಿಲ್ರಿ!”

ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ನಾನು ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ, “ಮೆಲ್ಲಕ ಹೇಳವಾ, ಮಂದಿ ಕೇಳಸ್ಕೋತಾರ.”

“ಅಪ್ಪಾ, ಜೋರಾಗಿ ಮಾತಾಡು” ಎಂದಳು. “ಹಿಂಗ ಅಂಜಿದ್ರ ಹ್ಯಾಂಗ?”