ಶುಕ್ರವಾರದ ಮಂಜು

ಸರ್ಕಾರ ಬದಲಾದದ್ದು ಮನುಷ್ಯನಿಗೆ ಮೊದಲು ತಿಳಿಯುವುದು ಬಾವುಟದಿಂದಲ್ಲ, ರಜೆಯಿಂದ ಎಂಬುದು ನನ್ನ ಅನುಭವ. ನಿಜಾಮರ ಕಾಲದಲ್ಲಿ ನಮಗೆ ಶುಕ್ರವಾರ ರಜೆ. ಪೊಲೀಸ್ ಆ್ಯಕ್ಷನ್ ಆಗಿ ನಾಲ್ಕೈದು ದಿನದಲ್ಲಿ ರಾಜ್ಯ ಹೋಯಿತು. ಅದರ ಹಿಂದೆಯೇ ಶುಕ್ರವಾರವೂ ಹೋಗಿ ಆದಿತ್ಯವಾರ ಬಂತು. ತಲೆ ಇದನ್ನು ಒಪ್ಪಿತು. ಮೈ ಮಾತ್ರ ಶುಕ್ರವಾರ ಬಂತೆಂದರೆ ಹಾಸಿಗೆ ಬಿಟ್ಟು ಏಳಲೊಲ್ಲದು.

ನನ್ನ ಹಾಸಿಗೆ ಇದ್ದದ್ದು ದೋಣಿಯಲ್ಲಿ. ಮಕ್ತಲ್‌ನಿಂದ ಗದ್ವಾಲಕ್ಕೆ ಹೋಗುವ ಹಾದಿಯಲ್ಲಿ ಕೃಷ್ಣೆಯ ದಂಡೆಗೆ ಕಟ್ಟಿದ, ಮೇಲೆ ತಗಡು ಹೊದಿಸಿದ ಸರ್ಕಾರಿ ದೋಣಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಡುಹೊಳೆಗೆ ಹೋಗಿ ಬಿದಿರಿನ ಗಳ ಇಳಿಬಿಟ್ಟು ನೀರಿನ ಆಳ ಅಳೆಯುವುದು, ರಜೆಯ ದಿನಕ್ಕೂ ಒಂದು ಖಾಲಿ ಸಾಲು ಬಿಟ್ಟು, ದಿನಕ್ಕೊಂದು ಸಾಲಿನಂತೆ ಉರ್ದುವಿನಲ್ಲಿ ದಫ್ತರಿಗೆ, ಅಂದರೆ ಅಳತೆಯ ಪುಸ್ತಕಕ್ಕೆ, ಬರೆಯುವುದು ನನ್ನ ನೌಕರಿ. ಹೆಂಡತಿಯನ್ನು ಜೊತೆಗೆ ಕರೆದರೆ, "ನೀರಾಗ ಸಂಸಾರ ಮಾಡಾಕ ನಾನೇನು ಮೀನೇನ್ರಿ?" ಎಂದು ಮಕ್ತಲ್‌ನಲ್ಲೇ ಉಳಿದಳು. ಹೀಗಾಗಿ ದೋಣಿಯಲ್ಲಿ ನಾನು ಮತ್ತು ಅಂಬಿಗ ಖಾಸೀಂ ಸಾಬ, ಇಬ್ಬರೇ.

ಆ ಗದ್ದಲದ ದಿನಗಳಲ್ಲಿ ಖಾಸೀಂ ಸಾಬ ಟೋಪಿಯನ್ನು ಸಂದೂಕದೊಳಗಿಟ್ಟು, ಮಸೀದಿಯ ಕಡೆ ಹೋಗುವುದನ್ನೇ ಬಿಟ್ಟಿದ್ದ. ಚಳಿಗಾಲಕ್ಕೆ ಊರು ತಣ್ಣಗಾದ ಮೇಲೆ ಒಂದು ದಿನ, ಕಣ್ಣು ನೀರಿನ ಮೇಲಿಟ್ಟುಕೊಂಡೇ, "ರಾಯರ, ಜುಮ್ಮಾ ನಮಾಜಿಗೆ ಹೋಗಾಕ ಬಿಡತೀರೇನ್ರಿ?" ಎಂದ. ಹೊಸ ಹುಕುಮಿನ ಪ್ರಕಾರ ಶುಕ್ರವಾರ ಕೆಲಸದ ದಿನ. ಅರ್ಜಿ ಹಾಕಿದರೆ ಅವನ ನೌಕರಿಗೇ ಕುತ್ತು ಬಂದೀತೆಂದು ನನಗೆ ಹೆದರಿಕೆ. ಧಾರಾಳವಾಗಿ "ಹೋಗು" ಎಂದೆ. ದಫ್ತರಿನಲ್ಲಿ "ದಟ್ಟ ಮಂಜು, ದೋಣಿ ಬಿಡಲಾಗಲಿಲ್ಲ" ಎಂದು ಬರೆದು ಹೊದ್ದು ಮಲಗಿದೆ. ಆಮೇಲೆ ಪ್ರತಿ ಶುಕ್ರವಾರ ಇದೇ ನಡೆಯಿತು. ಮಲಗಿಕೊಂಡೇ ಪುಣ್ಯ ಸಂಪಾದಿಸಬಹುದೆಂದು, ನಸುಕಿಗೇ ಎದ್ದು ತಣ್ಣೀರು ಸುರಿದುಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಅದೊಂದು ಆದಿತ್ಯವಾರ. ಎಳೆಬಿಸಿಲು, ಹೊಳೆಯಲ್ಲಿ ಅಲುಗಾಟವಿಲ್ಲ. ಖಾಸೀಂ ಸಾಬ ಹಗ್ಗ ಹೊಸೆಯುತ್ತಿದ್ದ. ನಾನು ಸೇಂಗಾ ಸುಲಿಯುತ್ತ ಏನನ್ನೂ ಯೋಚಿಸದೆ ಕೂತಿದ್ದೆ. ಈ ವಿದ್ಯೆ ಎಲ್ಲರಿಗೂ ಬರುವುದಿಲ್ಲ. ಅಷ್ಟರಲ್ಲಿ ನಮ್ಮ ಹೊಸ ಸಾಹೇಬರು ಗದ್ವಾಲಕ್ಕೆ ಹೋಗಲೆಂದು ಹೊಳೆ ದಾಟಲು ಬಂದರು. ಹೇಗೂ ಬಂದಿದ್ದೇನಲ್ಲ ಎಂದು ದಫ್ತರು ಕೇಳಿದರು. ಬಳ್ಳಾರಿ ಕಡೆಯವರು, ಉರ್ದು ಓದಲು ಬಾರದು. ಆ ಧೈರ್ಯದಲ್ಲಿ ಕೊಟ್ಟೆ. ಅವರು ಪುಟ ತಿರುವಿ, ಕೊನೆಯ ಸಾಲಿನಿಂದ ಹಿಂದಕ್ಕೆ ದಿನ ಎಣಿಸಿ, "ರಾಯರೇ, ಪ್ರತಿ ಏಳನೇ ಸಾಲಿಗೆ ಇದೊಂದೇ ಆಕಾರ ಬರ್ತದಲ್ಲ, ಏನಿದು?" ಎಂದರು.

"ಮಂಜ್ರಿ" ಎಂದೆ.

"ಶುಕ್ರವಾರಕ್ಕೊಮ್ಮೆ ಬೀಳೋ ಮಂಜೇನು?"

ನಾನು ಸೇಂಗಾ ಸಿಪ್ಪೆ ಒಟ್ಟುಮಾಡತೊಡಗಿದೆ. ಖಾಸೀಂ ಸಾಬ ಎದ್ದು ನಿಂತ. "ಮಂಜಿಲ್ರಿ ಸಾಹೇಬ್ರ. ನಾ ಜುಮ್ಮಾ ನಮಾಜಿಗೆ ಹೋಗ್ತೀನ್ರಿ. ರಾಯರು ನನ್ನ ಸಲುವಾಗಿ ಹಂಗ ಬರದಾರ. ತಪ್ಪು ನಂದು."

ಸಾಹೇಬರು ದಫ್ತರು ಮಡಚಿ, "ಎಷ್ಟು ಹೊತ್ತು ಬೇಕು?" ಎಂದರು.

"ಮಧ್ಯಾಹ್ನ ಎರಡು ತಾಸ್ರಿ."

"ಅಷ್ಟೇನಾ? ಹೋಗಿ ಬಾ. ಮಧ್ಯಾಹ್ನದ ಅಳತೆ ತಡವಾದ್ರೂ ನಡೀತದೆ." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಹಾಗಾದ್ರೆ ಬೆಳಿಗ್ಗೆ, ಸಂಜೆ ಬಿದ್ದ ಮಂಜು ಯಾರದು?"

ಈ ಪ್ರಶ್ನೆಯನ್ನು ನಾನು ನನಗೇ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತನ್ನ ಸಲುವಾಗಿ ಸುಳ್ಳು ಬೇಡವೆಂದಿದ್ದ ಖಾಸೀಂ ಸಾಬ ಹೊಳೆಯ ಕಡೆ ನೋಡುತ್ತ, "ಅದು ಖರೇನ ಬೀಳತೈತ್ರಿ. ಭಾರಿ ಮಂಜು" ಎಂದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಸಾಹೇಬರು ದಫ್ತರನ್ನು ನನ್ನ ಕೈಗಿಟ್ಟು ಹೊಳೆ ದಾಟಿ ಹೋದರು.

ಮುಂದಿನ ಶುಕ್ರವಾರ ಬೆಳಗಾಗುತ್ತಲೇ ಖಾಸೀಂ ಸಾಬ ನನ್ನ ಹೊದಿಕೆ ಎಳೆದ. ಹೊರಗೆ ನೋಡಿದರೆ ನಿಜವಾಗಿಯೂ ಮಂಜು. ಎದುರಿನ ದಂಡೆಯೇ ಕಾಣದು.

"ಮಂಜೈತಲ್ಲಪಾ" ಎಂದೆ.

"ಇರ್ಲಿ ಬಿಡ್ರಿ. ಹೊಳಿ ನನಗ ಗೊತ್ತೈತಿ, ಬರ್ರಿ" ಎಂದ.

ಹೋಗಿ ಅಳೆದು ಬಂದೆವು. ದಫ್ತರು ತೆರೆದೆ. ಶುಕ್ರವಾರದ ಸಾಲಿನಲ್ಲಿ ಮತ್ತೆ ಮಂಜೆಂಬ ನಿಜ ಬರೆಯುವ ಧೈರ್ಯವಾಗದೆ, "ಆಕಾಶ ನಿರ್ಮಲ" ಎಂದು ಬರೆದೆ.